ಹೊಸ ಹಿಡಿ

ಶಬೀನಾಗೆ ಸ್ವಂತದ್ದೆಂದು ಒಂದು ಉಳಿಯೂ ಇರಲಿಲ್ಲ. ಚನ್ನಪಟ್ಟಣದಿಂದ ಒಬ್ಬಳೇ ಬಂದು, ಮೇಕೆದಾಟಿನಲ್ಲಿ ಕಾವೇರಿ ಕೊರೆದ ಬಂಡೆಯ ಅಂಚಿನಲ್ಲಿ ನಿಂತು, ಅಣ್ಣ ಆಫ್ತಾಬನ ಉಳಿಗಳ ಗಂಟು ಬಿಚ್ಚಿದಳು. ಅವನ ಉಳಿ ಹಿಡಿದು ಅವಳು ಕಡೆದ ಮರದ ಆನೆಗೆ ಬಹುಮಾನ ಬಂದಾಗ ವೇದಿಕೆ ಹತ್ತಿದವನು ಅವನು. ಶಾಲು ಹೊದ್ದುಕೊಂಡು, ನಾನೇ ಮಾಡಿದ್ದು ಅಂದಿದ್ದ.

"ಅಂಚಿಗೋಗ್ಬ್ಯಾಡ ಕಣವ್ವ, ಬಿದ್ರೆ ಹೆಣಾನೂ ಸಿಕ್ಕಾಕಿಲ್ಲ," ಎಂದ, ಪಕ್ಕದ ಬಂಡೆಯಲ್ಲಿ ಗಾಳ ಹಾಕಿ ಕೂತಿದ್ದ ಮುದುಕ.

"ಬೀಳೋಕೆ ಬಂದಿಲ್ಲ ತಾತ. ಬಿಸಾಕೋಕೆ ಬಂದಿದೀನಿ."

ವರ್ಷಗಟ್ಟಲೆ ಸಾಣೆ ಹಿಡಿಸಿಕೊಂಡು ಅವನ ಕೈಗೆ ಒಗ್ಗಿದ್ದ ಉಳಿಗಳು. ಹೊಸದು ತಂದರೂ ಆ ಕೆಲಸ ಬರುವುದಿಲ್ಲ. ಅದು ಗೊತ್ತಿದ್ದೇ ಒಂದೊಂದಾಗಿ ಎಸೆದಳು. ಬಂಡೆಗೆ ಬಡಿದು ನೊರೆಯಲ್ಲಿ ಮುಳುಗಿದವು.

ಕೊನೆಯ ಉಳಿಯ ಹಿಡಿ ಹೊಸದು. ಅರಗಿನ ಹಳದಿ ಇನ್ನೂ ಹೊಳೆಯುತ್ತಿತ್ತು. ಅವರ ಮನೆಯಲ್ಲಿ ಹಿಡಿಯನ್ನು ಕಡೆಯುವುದು ಬಳಸುವವರ ಕೈಯಳತೆಗೆ. ಇದು ಆಫ್ತಾಬನ ದಪ್ಪ ಕೈಗೆ ತೀರ ಸಣ್ಣದು. ಅವಳ ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಯಾರಿಗೆಂದು ಕಡೆದಿದ್ದಾನೆಂದು ಅವಳಿಗೆ ತಿಳಿಯಿತು.

"ವೇದಿಕೇಲಿ ಹೇಳ್ಬೇಕಿತ್ತು," ಎಂದು ಅದನ್ನೂ ಎಸೆದಳು.

ನೀರಿಗೆ ಹೋದದ್ದು ಆರು ಉಳಿ. ಐದು ಅವನವು, ಒಂದು ಅವಳದು.