ಸೊಸೆಯ ಕೆನ್ನೆ

ಪಾರ್ಲರ್‌ನವಳು ಹತ್ತಿಯನ್ನು ಕೆನ್ನೆಗೆ ತಾಗಿಸಿದ್ದಷ್ಟೇ, ಹುಡುಗಿ "ಅಯ್ಯೋ!" ಎಂದು ಕುರ್ಚಿಯಲ್ಲೇ ಮುದುಡಿದಳು. ಹತ್ತಿಯ ಜೊತೆ ಚರ್ಮದ ತೆಳು ಪೊರೆ ಎದ್ದು ಬಂದಿತ್ತು.

"ಏನ್ ಹಚ್ಚಿದ್ರಿ?"

"ನಿಂಬೆರಸ, ಬ್ಲೀಚಿಂಗ್ ಪೌಡರ್... ಆಮೇಲೆ ಹೆಸರಿಲ್ಲದ ಒಂದು ಕ್ರೀಮು. ಬೆಳ್ಳಗಾಗ್ತೀನಿ ಅಂತ."

"ಯಾರು ಹೇಳಿದ್ದು?"

ಹುಡುಗಿ ತಲೆ ತಗ್ಗಿಸಿದಳು. ಪಾರ್ಲರ್‌ನವಳು ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಅತ್ತೆಯ ಕಡೆ ತಿರುಗಿದಳು. ಬಂದಾಗಿನಿಂದ ಆಕೆ ಸೊಸೆಯನ್ನೇ ಕಾಯುವವಳಂತೆ ನೋಡುತ್ತಿದ್ದಳು. ಮಗು ಎಷ್ಟು ಅತ್ತರೂ ತಾಯಿಯ ಕೈಗೆ ಕೊಟ್ಟಿರಲಿಲ್ಲ. ಎಲ್ಲ ಈ ಹೆಂಗಸಿನದೇ ಕಿತಾಪತಿ ಎಂದು ಪಾರ್ಲರ್‌ನವಳಿಗೆ ಮೈ ಉರಿಯಿತು.

"ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ ಅಮ್ಮ. ಮಗೂನ ಇವರಿಗೆ ಕೊಡಿ."

"ಹೊರಗೆ ಬೇಕಾದ್ರೆ ಹೋಗ್ತೀನಿ. ಮಗೂನ ಮಾತ್ರ ಕೊಡಲ್ಲ."

"ಯಾಕೆ ಕೊಡಲ್ಲ?"

ಅತ್ತೆ ಮಗುವಿನ ಟೋಪಿಯನ್ನು ಮೆಲ್ಲಗೆ ಸರಿಸಿದಳು. ಎಳೆ ಹಣೆಯ ಮೇಲೆ ಬೆರಳಗಲದ ಕೆಂಪು ಬರೆ. "ಬೆಳಿಗ್ಗೆ ಇದಕ್ಕೂ ಆ ಕ್ರೀಮು ಬಳೀತಿದ್ಲಮ್ಮ. ಮಗೂನ ಕಿತ್ಕೊಂಡು ತೊಳೆದೆ. ನನ್ನ ಮಾತಂತೂ ಕಿವಿಗೆ ಹಾಕ್ಕೊಳ್ಳಲ್ಲ, ನೀನು ಹೇಳಿದ್ರಾದ್ರೂ ಕೇಳ್ತಾಳೇನೋ ಅಂತ ಕರ್ಕೊಂಡ್ ಬಂದೆ."

"ಊರಿನೋರು ನನ್ನನ್ನ ಕಪ್ಪು ಅಂತ ಅಂದಿದ್ದು ಸಾಲದಾ?" ಹುಡುಗಿ ಬಿಕ್ಕಿದಳು. "ನನ್ನ ಮಗಳೂ ಅನ್ನಿಸ್ಕೋಬೇಕಾ?"

ಪಾರ್ಲರ್‌ನವಳಿಗೆ ಅತ್ತೆಯ ಮುಖ ನೋಡಲು ನಾಚಿಕೆಯಾಯಿತು. ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ನಾನಂತೂ ಏನೂ ಹಚ್ಚಲ್ಲ ಕಣಮ್ಮ. ಇಬ್ಬರನ್ನೂ ಚರ್ಮದ ಡಾಕ್ಟರಿಗೆ ತೋರಿಸೋಣ, ಆ ಕ್ರೀಮನ್ನೂ ತೋರಿಸೋಣ. ಗಾಯ ವಾಸಿಯಾದ್ಮೇಲೆ ನಿಂಗೆ ಬಿಸಿಲಿಗೆ ಸನ್‌ಸ್ಕ್ರೀನ್ ಸಾಕು, ಮಗೂಗೆ ನೆರಳು ಸಾಕು. ಬಣ್ಣ ಅದರ ಪಾಡಿಗೆ ಇರ್ಲಿ ಬಿಡು."

 ಹುಡುಗಿ ಎದ್ದು, ಸಿಂಕಿನ ಬಳಿ ಹೋಗಿ, ಎರಡೂ ಕೈಗಳನ್ನು ಸೋಪು ಹಚ್ಚಿ ತೊಳೆದು, ಮಗುವಿಗಾಗಿ ಅತ್ತೆಯ ಕಡೆ ಚಾಚಿದಳು.