ಅವಧಿ ಮುಗಿದ ಜಾಡಿ

೨೦೭೧ರ ಮಾರ್ಚ್ ೩, ಬೆಳಿಗ್ಗೆ ೧೧.೨೦. ವಿಶ್ವವಿದ್ಯಾಲಯದ ದಾಖಲೆ ಕೋಣೆಯ ಮೇಲ್ವಿಚಾರಕಿ ವಾರಿಜಾಕ್ಷಿ, ನಲವತ್ತು ವರ್ಷ ತುಂಬಿದ ಸಿಂಡಿಕೇಟ್ ಸಭೆಯ ಜಾಡಿಯನ್ನು ತಕ್ಕಡಿಯ ಮೇಲಿಟ್ಟು ತೂಗಿದಳು. ಸಭೆಯ ಮಾತೆಲ್ಲ ಜಾಡಿಯೊಳಗೇ ಇರುತ್ತದೆ. ಮುಚ್ಚಳ ತೆಗೆದರೆ ಒಮ್ಮೆ ಮಾತ್ರ ಕೇಳಿಸಿ ಆರಿಹೋಗುತ್ತದೆ. ಅವಧಿ ಮುಗಿದದ್ದನ್ನು ಖಾಲಿ ಮಾಡಲೇಬೇಕು. ಅಂದು ಸಿಂಡಿಕೇಟ್ ಸದಸ್ಯೆಯಾಗಿದ್ದ, ಈಗ ತೀರಿಕೊಂಡ ಅವಳ ಅಮ್ಮನ ದನಿ ಉಳಿದಿದ್ದದ್ದು ಇದೊಂದರಲ್ಲೇ.

“ಇನ್ನೊಂದ್ ವರ್ಷ ಇಟ್ಕೊಳ್ಳಿ ಮೇಡಂ, ಯಾರ್ ಕೇಳ್ತಾರೆ?” ಎಂದರು ಸಾಕ್ಷಿಗೆ ನಿಂತಿದ್ದ ಗುಮಾಸ್ತ ಚೆನ್ನವೀರಯ್ಯ.

“ನಮ್ಮಮ್ಮನೇ ಕೇಳ್ತಾರೆ ಕಣ್ರೀ. ಈ ನಿಯಮ ಮಾಡ್ಸಿದ್ದೇ ಅವರು, ಇದೇ ಸಭೇಲಿ.”

ಮುಚ್ಚಳ ತಿರುಗಿಸಿದಳು. ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು, ನಿರ್ಣಯಗಳು. ಕೊನೆಗೆ ಅಮ್ಮ: “ಬೇಗ ಮುಗಿಸಿ ಸಾರ್, ನನ್ನ ಮಗು ಹೊರಗಡೆ ಕಾಯ್ತಿದೆ.”

ಅಂದು ಹೊರಗಿನ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದವಳಿಗೆ ಆ ಮಾತು ಇಂದು ಕೇಳಿಸಿತು.

ಜಾಡಿಯನ್ನು ಮತ್ತೆ ತೂಗಿ ಪುಸ್ತಕದಲ್ಲಿ ಬರೆದಳು: ಹನ್ನೊಂದು ಗ್ರಾಂ ಕಡಿಮೆ.