ಒಂಬತ್ತನೆಯ ಉಪ್ಪಿಟ್ಟು

ಹಿಂದೆ ನೋಡಿದ ಎಂಟು ಹುಡುಗಿಯರ ಮನೆಯಲ್ಲೂ ಅವನ ಪರವಾಗಿ ಮಾತಾಡಿದ್ದು ಸೋದರಮಾವನೇ. ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದುಬಿಡುತ್ತಿದ್ದರು. ಆಮೇಲೆ ತಿಳಿಸುತ್ತಿರಲಿಲ್ಲ.

ಈ ಹುಡುಗಿ ಕಾಫಿ ಕೊಡುತ್ತಾ ನೇರವಾಗಿ ಅವನನ್ನೇ ಕೇಳಿದಳು. "ಸಕ್ಕರೆ ಸಾಕಾ?"

"ಅವನಿಗೆ ಸಾಕಮ್ಮ," ಎಂದರು ಮಾವ.

ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ.

ಮಾವ ತಟ್ಟೆ ಕೆಳಗಿಟ್ಟರು. "ಸರಿ, ನಾವು ಊರಿಗೆ ಹೋಗಿ..."

"ಮಾವ, ಕೂತ್ಕೊಳ್ಳಿ." ಅವನು ಹುಡುಗಿಯ ಕಡೆ ತಿರುಗಿದ. "ನನಗೆ ಒಪ್ಪಿಗೆ. ಇಲ್ಲೇ ಹೇಳ್ತಿದೀನಿ."

ಮಾವನ ಮುಖ ಕೆಂಪಾಯಿತು.

ಹುಡುಗಿ ಸಕ್ಕರೆ ಬಟ್ಟಲು ತಂದು ಅವನ ಲೋಟಕ್ಕೆ ಇನ್ನೊಂದು ಚಮಚ ಹಾಕಿ ಕಲಕಿದಳು.

"ಕುಡಿದು ಊರಿಗೆ ಹೋಗಿ," ಎಂದಳು. "ನಾವು ತಿಳಿಸ್ತೀವಿ."